ದಾಖಲೆಗೆ ಸಿಗದ ನಿದ್ದೆ

ವಿಮಾನ ಅಪಘಾತಗಳ ತನಿಖಾ ವರದಿಗಳನ್ನು ಓದುವ ಅಭ್ಯಾಸ ನನಗೆ ಬಹುಕಾಲದಿಂದ ಇದೆ. ಲೋಹ, ವೇಗ, ಎತ್ತರ, ದಿಕ್ಕು ಇವುಗಳ ಬಗ್ಗೆ ಬರೆಯುವಾಗ ಈ ವರದಿಗಳ ಭಾಷೆ ಗಟ್ಟಿಯಾಗಿರುತ್ತದೆ. ಯಾವ ಸೆಕೆಂಡಿನಲ್ಲಿ ಯಾವ ಸ್ವಿಚ್ಚನ್ನು ಒತ್ತಲಾಯಿತು ಎಂಬುದನ್ನು ಕೂಡ ತನಿಖಾಧಿಕಾರಿಗಳು ಸಂಶಯವಿಲ್ಲದೆ ಹೇಳಬಲ್ಲರು. ಆ ಸ್ವಿಚ್ಚನ್ನು ಒತ್ತಿದ ಮನುಷ್ಯ ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದ, ಎಷ್ಟು ದಣಿದಿದ್ದ ಎಂಬ ಪ್ರಶ್ನೆ ಎದುರಾದ ಕೂಡಲೇ ಅದೇ ಭಾಷೆ ‘ಇರಬಹುದು’, ‘ನಿರ್ಧರಿಸಲು ಸಾಧ್ಯವಾಗಲಿಲ್ಲ’ ಎಂದು ತಡವರಿಸತೊಡಗುತ್ತದೆ. ವಿಮಾನ ನೆಲ ಬಿಡುವ ಮುನ್ನವೇ ದಾರಿ ತಪ್ಪಿದ ಪ್ರಕರಣಗಳಲ್ಲಿ ಈ ತಡವರಿಕೆ ಇನ್ನಷ್ಟು ಎದ್ದು ಕಾಣುತ್ತದೆ. ಅಂಥವುಗಳಲ್ಲಿ ನಾನು ಮತ್ತೆ ಮತ್ತೆ ತೆರೆದು ಓದಿರುವುದು ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ನಿನಲ್ಲಿ ನಡೆದ ಅಪಘಾತದ ವರದಿಯನ್ನು.

2006ರ ಆಗಸ್ಟ್ 27ರ ಭಾನುವಾರ, ಇನ್ನೂ ಬೆಳಕು ಹರಿಯುವ ಮುನ್ನ, ಕಾಮೇರ್ ಸಂಸ್ಥೆಯ 5191ನೇ ಸಂಖ್ಯೆಯ ವಿಮಾನ 47 ಪ್ರಯಾಣಿಕರು ಮತ್ತು ಮೂವರು ಸಿಬ್ಬಂದಿಯೊಂದಿಗೆ ಲೆಕ್ಸಿಂಗ್ಟನ್ನಿನ ಬ್ಲೂ ಗ್ರಾಸ್ ನಿಲ್ದಾಣದಿಂದ ಅಟ್ಲಾಂಟಾಕ್ಕೆ ಹೊರಡಲು ಸಿದ್ಧವಾಗಿತ್ತು. ಆ ದಿನದ ಮೊದಲ ಎಡವಟ್ಟು ಆಗಲೇ ನಡೆದುಹೋಗಿತ್ತು: ಪೈಲಟ್‌ಗಳಿಬ್ಬರೂ ಕತ್ತಲಲ್ಲಿ ಬೇರೊಂದು ವಿಮಾನ ಹತ್ತಿ ತಯಾರಿ ಆರಂಭಿಸಿದ್ದರು, ನಿಲ್ದಾಣದ ನೌಕರರೊಬ್ಬರು ಹೇಳಿದ ಮೇಲೆ ಇಳಿದು ತಮ್ಮ ವಿಮಾನಕ್ಕೆ ಬಂದಿದ್ದರು. ಅವರು ಹಾರಬೇಕಾಗಿದ್ದುದು 22ನೇ ರನ್‌ವೇಯಿಂದ. ರನ್‌ವೇಗಳ ಸಂಖ್ಯೆ ದಿಕ್ಸೂಚಿಯಿಂದ ಬರುತ್ತದೆ. 22 ಎಂದರೆ ಸುಮಾರು 220 ಡಿಗ್ರಿ, ಅಂದರೆ ನೈಋತ್ಯ ದಿಕ್ಕು. 26 ಎಂದರೆ ಸುಮಾರು 260 ಡಿಗ್ರಿ, ಹೆಚ್ಚೂಕಡಿಮೆ ಪಶ್ಚಿಮ. (ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡು ರನ್‌ವೇಗಳು ಪರಸ್ಪರ ಸಮಾನಾಂತರವಾಗಿರುವುದರಿಂದ ಎರಡಕ್ಕೂ 9 ಮತ್ತು 27ರ ಸಂಖ್ಯೆಗಳೇ ಇದ್ದು, ಎಡ ಬಲ ಎಂಬ ಅಕ್ಷರಗಳಿಂದ ಅವನ್ನು ಬೇರ್ಪಡಿಸಿದ್ದಾರೆ.) ಲೆಕ್ಸಿಂಗ್ಟನ್ನಿನಲ್ಲಿ 22ನೇ ರನ್‌ವೇ 7,003 ಅಡಿ ಉದ್ದವಿತ್ತು. ಅದನ್ನು ತಲುಪಬೇಕಾದರೆ ಸಣ್ಣ ವಿಮಾನಗಳಿಗಾಗಿ ಇದ್ದ, 3,500 ಅಡಿ ಉದ್ದದ, ದೀಪಗಳಿಲ್ಲದ 26ನೇ ರನ್‌ವೇಯನ್ನು ಅಡ್ಡ ಹಾಯ್ದು ಹೋಗಬೇಕಾಗಿತ್ತು. ನಿಲ್ದಾಣದಲ್ಲಿ ಕಾಮಗಾರಿ ನಡೆಯುತ್ತಿದ್ದುದರಿಂದ ಟ್ಯಾಕ್ಸಿವೇಗಳ, ಅಂದರೆ ವಿಮಾನ ರನ್‌ವೇವರೆಗೆ ಸಾಗುವ ದಾರಿಗಳ, ವ್ಯವಸ್ಥೆ ಬದಲಾಗಿತ್ತು, ಪೈಲಟ್‌ಗಳ ಕೈಯಲ್ಲಿದ್ದ ನಕ್ಷೆ ಆ ಬದಲಾವಣೆಯನ್ನು ಸರಿಯಾಗಿ ತೋರಿಸುತ್ತಿರಲಿಲ್ಲ.

ವಿಮಾನ 26ನೇ ರನ್‌ವೇಯ ಅಂಚಿನಲ್ಲಿ ಬಂದು ನಿಂತಿತು. ಅದನ್ನೇ ಅವರು 22 ಎಂದು ಭಾವಿಸಿದ್ದರು. ಗೋಪುರದಲ್ಲಿದ್ದ ಒಬ್ಬನೇ ಕಂಟ್ರೋಲರ್ ರನ್‌ವೇಯ ಸಂಖ್ಯೆಯನ್ನು ಹೇಳದೆ, ರನ್‌ವೇಯ ದಿಕ್ಕಿನಲ್ಲೇ ಹಾರಿ, ಟೇಕಾಫ್‌ಗೆ ಅನುಮತಿ ಇದೆ ಎಂದರು. ಆಗಿನ ನಿಯಮದ ಪ್ರಕಾರ ಅಷ್ಟು ಹೇಳಿದರೆ ಸಾಕಾಗಿತ್ತು. ಕ್ಯಾಪ್ಟನ್ ವಿಮಾನವನ್ನು ರನ್‌ವೇ ಮೇಲೆ ತಿರುಗಿಸಿ ತಂದು ಹಾರಾಟದ ಹಿಡಿತವನ್ನು ಫಸ್ಟ್ ಆಫೀಸರ್‌ಗೆ, ಅಂದರೆ ಸಹಪೈಲಟ್‌ಗೆ, ಒಪ್ಪಿಸಿದರು. ಅವರಿಬ್ಬರ ಮುಂದಿದ್ದ ಪರದೆಗಳಲ್ಲಿ ಹೋಗಬೇಕಾದ ದಿಕ್ಕನ್ನು 227 ಡಿಗ್ರಿಗೆ ಹೊಂದಿಸಿದ್ದರು, ವಿಮಾನದ ಮೂತಿ ಇದ್ದುದು 266 ಡಿಗ್ರಿಯ ಕಡೆಗೆ. ಈ ವ್ಯತ್ಯಾಸ ಕಣ್ಣೆದುರಿಗೇ ಇತ್ತು. ವೇಗ ಏರುತ್ತಿದ್ದಾಗ ಫಸ್ಟ್ ಆಫೀಸರ್, ದೀಪಗಳೇ ಇಲ್ಲದಿರುವುದು ವಿಚಿತ್ರವಾಗಿದೆ ಎಂಬರ್ಥದ ಒಂದು ಮಾತು ಆಡಿದರು, ಕ್ಯಾಪ್ಟನ್ ಹೌದೆಂದರು. ಇಬ್ಬರೂ ಎಂಜಿನ್‌ನ ವೇಗ ಇಳಿಸಲಿಲ್ಲ. ವಿಮಾನ ರನ್‌ವೇ ಮುಗಿದ ಮೇಲೂ ಓಡಿ, ಬೇಲಿಗೂ ಮರಗಳಿಗೂ ಅಪ್ಪಳಿಸಿ ಹೊತ್ತಿ ಉರಿಯಿತು. ಐವತ್ತು ಜನರಲ್ಲಿ 49 ಮಂದಿ ಸತ್ತರು. ತೀವ್ರವಾಗಿ ಗಾಯಗೊಂಡು ಬದುಕಿದವರು ಫಸ್ಟ್ ಆಫೀಸರ್ ಒಬ್ಬರೇ.

ಆ ಒಂದು ಮಾತಿನ ಬಳಿ ನಾನು ಪ್ರತಿ ಬಾರಿಯೂ ನಿಲ್ಲುತ್ತೇನೆ. ಏನೋ ಸರಿಯಿಲ್ಲ ಎಂದು ಕಣ್ಣು ಹೇಳಿದೆ, ಬಾಯಿ ಅದನ್ನು ಗಟ್ಟಿಯಾಗಿ ಆಡಿದೆ, ಪಕ್ಕದವರ ಕಿವಿ ಕೇಳಿಸಿಕೊಂಡಿದೆ. ಆದರೂ ಅದು ‘ನಾವು ಎಲ್ಲಿದ್ದೇವೆ’ ಎಂಬ ಪ್ರಶ್ನೆಯಾಗಿ ಬೆಳೆಯಲಿಲ್ಲ. ಕೆಲ ದಿನಗಳ ಹಿಂದೆ ಅದೇ ನಿಲ್ದಾಣದಲ್ಲಿ ಅನೇಕ ದೀಪಗಳು ಕೆಟ್ಟಿದ್ದುದನ್ನು ಫಸ್ಟ್ ಆಫೀಸರ್ ನೋಡಿದ್ದರು, 22ನೇ ರನ್‌ವೇಯ ನಡುಗೆರೆಯ ದೀಪಗಳು ಆ ದಿನವೂ ಕೆಲಸ ಮಾಡುತ್ತಿರಲಿಲ್ಲ. ಹೀಗಾಗಿ ಕತ್ತಲೆಗೆ ಒಂದು ಸಿದ್ಧ ವಿವರಣೆ ಅವರ ತಲೆಯಲ್ಲಿ ಮೊದಲೇ ಕೂತಿತ್ತು. ಎಚ್ಚರವಿರುವ ಮನಸ್ಸು ಇಂಥ ವಿವರಣೆಯನ್ನು ತಳ್ಳಿಹಾಕಿ ದಿಕ್ಸೂಚಿಯತ್ತ ನೋಡುತ್ತದೆ. ನಿದ್ದೆಗೆಟ್ಟ ಮನಸ್ಸು ಕಣ್ಣು ಮುಚ್ಚಿಬಿಡುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಕಣ್ಣು ತೆರೆದೇ ಇರುತ್ತದೆ, ಮಾತಾಡುತ್ತಿರುತ್ತದೆ, ರೂಢಿಯಾದ ಕೆಲಸವನ್ನು ಒಂದೂ ಬಿಡದೆ ಮಾಡುತ್ತಿರುತ್ತದೆ, ಒಮ್ಮೆ ಹಿಡಿದ ಊಹೆಯನ್ನು ಮಾತ್ರ ಬಿಡಲಾರದು. ಬೆಂಗಳೂರಿನ ಕಂಪನಿಗಳಲ್ಲಿ ರಾತ್ರಿಪಾಳಿ ಮಾಡಿದವರನ್ನು ಕೇಳಿ ನೋಡಿ: ಬೆಳಗಿನ ನಾಲ್ಕು ಗಂಟೆಗೆ ಕೆಲಸ ಕೆಡುತ್ತಿದೆ ಎಂದು ಯಾರಿಗೂ ಅನಿಸುವುದಿಲ್ಲ, ಚೆನ್ನಾಗಿಯೇ ನಡೆಯುತ್ತಿದೆ ಎಂದೇ ಅನಿಸುತ್ತದೆ.

ಆದರೆ ಲೆಕ್ಸಿಂಗ್ಟನ್ನಿನ ಪೈಲಟ್‌ಗಳು ದಣಿದಿದ್ದರು ಎಂದು ಹೇಳುವ ಹಕ್ಕು ನನಗಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2007ರಲ್ಲಿ ನೀಡಿದ ವರದಿಯಲ್ಲಿ ಅಪಘಾತದ ಕಾರಣವೆಂದು ಬರೆದಿರುವುದು, ತಾವು ಎಲ್ಲಿದ್ದೇವೆಂದು ತಿಳಿಯಲು ಇದ್ದ ಸೂಚನೆಗಳನ್ನು ಸಿಬ್ಬಂದಿ ಬಳಸಲಿಲ್ಲ ಮತ್ತು ಸರಿಯಾದ ರನ್‌ವೇ ಎಂದು ತಾಳೆ ನೋಡಲಿಲ್ಲ ಎಂಬುದನ್ನು. ಟ್ಯಾಕ್ಸಿ ಮಾಡುವಾಗ ಕೆಲಸಕ್ಕೆ ಸಂಬಂಧವಿಲ್ಲದ ಹರಟೆಯಲ್ಲಿ ತೊಡಗಿದ್ದುದನ್ನೂ, ಪ್ರತಿಯೊಂದು ರನ್‌ವೇ ದಾಟಲು ಪ್ರತ್ಯೇಕ ಅನುಮತಿ ಬೇಕೆಂಬ ನಿಯಮ ಇಲ್ಲದಿದ್ದುದನ್ನೂ ಅದಕ್ಕೆ ಸೇರಿಸಿದ್ದಾರೆ. ಕಾರಣದ ಆ ವಾಕ್ಯದಲ್ಲಿ ಆಯಾಸಕ್ಕೆ ಜಾಗವಿಲ್ಲ.

ನಿದ್ದೆಯ ಲೆಕ್ಕ ಸಿಗುವುದು ಗೋಪುರದಲ್ಲಿ. ಆ ಕಂಟ್ರೋಲರ್ ಹಿಂದಿನ ದಿನ ಬೆಳಗಿನ ಆರೂವರೆಯಿಂದ ಮಧ್ಯಾಹ್ನ ಎರಡೂವರೆವರೆಗೆ ಕೆಲಸ ಮಾಡಿ, ಒಂಬತ್ತು ಗಂಟೆಗಳ ಬಿಡುವಿನ ನಂತರ ಅದೇ ರಾತ್ರಿ ಹನ್ನೊಂದೂವರೆಗೆ ಮತ್ತೆ ಪಾಳಿಗೆ ಬಂದಿದ್ದರು. ನಡುವೆ ಅವರು ನಿದ್ದೆ ಮಾಡಿದ್ದು ಸುಮಾರು ಎರಡು ಗಂಟೆ. ನಿಯಮ ಕೇಳಿದ್ದಷ್ಟು ಬಿಡುವು ಅವರಿಗೆ ಸಿಕ್ಕಿತ್ತು. ಹಾಡುಹಗಲಲ್ಲಿ ಮಲಗು ಎಂದರೆ ದೇಹ ಕೇಳಬೇಕಲ್ಲ! ಟೇಕಾಫ್‌ಗೆ ಅನುಮತಿ ಕೊಟ್ಟ ಮೇಲೆ ಅವರು ರನ್‌ವೇಗೆ ಬೆನ್ನು ತಿರುಗಿಸಿ, ಆಮೇಲೆ ಮಾಡಬಹುದಾಗಿದ್ದ ಕಚೇರಿಯ ಎಣಿಕೆಯ ಕೆಲಸವೊಂದನ್ನು ಕೈಗೆತ್ತಿಕೊಂಡರು. ಮಂಡಳಿ ಇಲ್ಲಿ ಬರೆದಿರುವ ತೀರ್ಮಾನ ನನಗೆ ಇಡೀ ವರದಿಯಲ್ಲೇ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ: ಕಂಟ್ರೋಲರ್ ಬಹುಮಟ್ಟಿಗೆ ದಣಿದಿದ್ದರು, ಆದರೆ ತಿರುಗಿ ನೋಡದಿದ್ದುದಕ್ಕೆ ಆ ದಣಿವು ಎಷ್ಟರಮಟ್ಟಿಗೆ ಕಾರಣ ಎಂದು ಹೇಳಲಾಗದು, ಏಕೆಂದರೆ ದಣಿಯದ ದಿನಗಳಲ್ಲೂ ಅವರು ಪ್ರತಿ ಟೇಕಾಫನ್ನು ನೋಡುತ್ತಿರಲಿಲ್ಲ.

ಈ ಕಾರಣದಿಂದಲೇ ಆಯಾಸ ತನಿಖೆಯ ಕೈಗೆ ಸಿಗದೆ ಜಾರಿಹೋಗುತ್ತದೆ. ಅದು ಹೊಸ ಬಗೆಯ ತಪ್ಪನ್ನೇನೂ ಮಾಡಿಸುವುದಿಲ್ಲ. ಎಲ್ಲರೂ ಎಂದೋ ಒಂದು ದಿನ ಮಾಡುವ ತಪ್ಪನ್ನು ತುಸು ಸುಲಭಗೊಳಿಸುತ್ತದೆ, ಅದನ್ನು ಹಿಡಿಯಬೇಕಾದ ಎರಡನೆಯವನ ಗಮನವನ್ನು ತುಸು ಸಡಿಲಗೊಳಿಸುತ್ತದೆ. ಚೆನ್ನಾಗಿ ಮಲಗಿ ಎದ್ದವರೂ ಇದೇ ತಪ್ಪು ಮಾಡಬಲ್ಲರು ಎಂಬುದಕ್ಕೆ 2015ರ ಮಾರ್ಚ್ 10ರ ಸಿಡ್ನಿಯ ಪ್ರಕರಣ ನೋಡಬಹುದು. ಅದನ್ನು ಆಯಾಸದ ಖಾತೆಗೆ ಹಾಕುವಂತಿಲ್ಲ. ಏರ್‌ಏಷ್ಯಾ ಎಕ್ಸ್‌ನ ಏರ್‌ಬಸ್ ಎ330 ವಿಮಾನ ಕೌಲಾಲಂಪುರಕ್ಕೆ ಹೊರಡುವ ಮುನ್ನ, ವಿಮಾನ ಈಗ ನಿಂತಿರುವ ಜಾಗದ ಅಕ್ಷಾಂಶ ರೇಖಾಂಶಗಳನ್ನು ಕ್ಯಾಪ್ಟನ್ ಕೈಯಿಂದ ಕಂಪ್ಯೂಟರಿಗೆ ತುಂಬಿದರು. ರೇಖಾಂಶ 15109.8 ಎಂದಿರಬೇಕಾದಲ್ಲಿ 01519.8 ಎಂದಾಯಿತು. ಅಂಕಿಗಳು ಜಾಗ ಬದಲಿಸಿದ ಈ ಒಂದು ಎಡವಟ್ಟಿನಿಂದ, ಸಿಡ್ನಿಯ ಗೇಟಿನಲ್ಲಿ ನಿಂತಿದ್ದ ವಿಮಾನ ತಾನು ದಕ್ಷಿಣ ಆಫ್ರಿಕದ ಕೇಪ್‌ಟೌನ್ ಹತ್ತಿರ ಇದ್ದೇನೆಂದು ನಂಬಿತು. ವ್ಯತ್ಯಾಸ 11,000 ಕಿಲೋಮೀಟರಿಗೂ ಹೆಚ್ಚು. ಸಾಮಾನ್ಯವಾಗಿ ಆ ತಯಾರಿ ಮಾಡಬೇಕಾದವರು ಫಸ್ಟ್ ಆಫೀಸರ್. ಕ್ಯಾಪ್ಟನ್‌ಗೆ ಕಿವಿಗೆ ಹಾಕಿಕೊಳ್ಳುವ ರಕ್ಷಣೆ ಸಿಗಲಿಲ್ಲವೆಂದು ಆ ದಿನ ಹೊರಗಿನ ತಪಾಸಣೆಗೆ ಫಸ್ಟ್ ಆಫೀಸರ್ ಹೋದರು, ಒಳಗಿನ ಕೆಲಸಕ್ಕೆ ಕ್ಯಾಪ್ಟನ್ ಕೂತರು. ಹಾರುವ ಮುನ್ನ ತಪ್ಪನ್ನು ತಿಳಿಸುವ ಹಲವು ಸೂಚನೆಗಳು ಬಂದವು, ಒಂದೂ ಲೆಕ್ಕಕ್ಕೆ ಬರಲಿಲ್ಲ. ನೆಲ ಬಿಟ್ಟು ಆಟೋಪೈಲಟ್ ಹಾಕುತ್ತಿದ್ದಂತೆ ವಿಮಾನ ಎಡಕ್ಕೆ, ಪಕ್ಕದ ಸಮಾನಾಂತರ ರನ್‌ವೇಯಿಂದ ವಿಮಾನಗಳು ಏರುವ ದಾರಿಯತ್ತ ವಾಲಿತು. ಸರಿಪಡಿಸಲು ಹೋಗಿ ಉಪಕರಣಗಳು ಇನ್ನಷ್ಟು ಕೆಟ್ಟವು. ಸಿಡ್ನಿಯಲ್ಲಿ ಮೋಡ ಕವಿದಿದ್ದರಿಂದ ಅಲ್ಲಿಗೆ ಮರಳಲಾಗದೆ ಕೊನೆಗೆ ಮೆಲ್ಬರ್ನಿನಲ್ಲಿ ಇಳಿಸಬೇಕಾಯಿತು. ಯಾರಿಗೂ ಏನೂ ಆಗಲಿಲ್ಲ. ಆಸ್ಟ್ರೇಲಿಯದ ತನಿಖಾ ಸಂಸ್ಥೆ ತನ್ನ ವರದಿಯಲ್ಲಿ, ಇಂಥ ತಪ್ಪು ಅಂಕಿಯನ್ನು ತಾನಾಗಿ ತಡೆಯುವ ಹೊಸ ವ್ಯವಸ್ಥೆ ಆ ವಿಮಾನದಲ್ಲಿ ಇರಲಿಲ್ಲ ಎಂಬುದನ್ನೂ ಗುರುತಿಸಿತು.

ನಾವು ಪ್ರಯಾಣಿಕರು ಹೆದರುವುದು ಇಳಿಯುವಾಗ. ನಿರ್ಗಮನದ ಕೆಲಸದ ಸ್ವರೂಪ ನೋಡಿದರೆ ಆ ಹೆದರಿಕೆಯ ಒಂದು ಪಾಲನ್ನು ಗೇಟಿನ ಬಳಿಗೆ ಹಂಚಬೇಕೆನಿಸುತ್ತದೆ. ಇಳಿಯುವಾಗ ರನ್‌ವೇಯೇ ರೇಡಿಯೋ ಸಂಕೇತ ಕಳಿಸಿ ವಿಮಾನವನ್ನು ತನ್ನತ್ತ ಕರೆದುಕೊಳ್ಳುತ್ತದೆ, ಇಬ್ಬರು ಪೈಲಟ್‌ಗಳೂ ಒಂದೇ ಕಡೆ ನೋಡುತ್ತಿರುತ್ತಾರೆ. ಹೊರಡುವಾಗ ತೂಕ, ಇಂಧನ, ಗಾಳಿ, ದಾರಿ, ಏರುವ ಕ್ರಮ ಎಲ್ಲವನ್ನೂ ಅಲ್ಪ ಅವಧಿಯಲ್ಲಿ ಕಂಪ್ಯೂಟರಿಗೆ ಊಡಿಸಬೇಕು. ಮಧ್ಯೆ ಇಂಧನದವರು, ಸಾಮಾನಿನವರು, ಗಗನಸಖಿಯರು ಬಂದು ಹೋಗುತ್ತಾರೆ. ತಡವಾದರೆ ಸರದಿ ತಪ್ಪುತ್ತದೆ. 2009ರ ಮಾರ್ಚ್ 20ರ ರಾತ್ರಿ ಮೆಲ್ಬರ್ನಿನಿಂದ ದುಬೈಗೆ ಹೊರಟ ಎಮಿರೇಟ್ಸ್ ವಿಮಾನದ ತೂಕವನ್ನು 362.9 ಟನ್ ಬದಲು 262.9 ಎಂದು ತುಂಬಲಾಗಿತ್ತು. ನೂರು ಟನ್ನಿನ ಆ ವ್ಯತ್ಯಾಸ ಗೊತ್ತಾದದ್ದು ವಿಮಾನದ ಬಾಲ ರನ್‌ವೇಗೆ ಉಜ್ಜಿದಾಗ. ನೆಲದ ಮೇಲೆ ಮಾಡಿದ ತಪ್ಪು ನೆಲದ ಮೇಲಿರುವಾಗ ನೋಯಿಸುವುದಿಲ್ಲ, ಆದ್ದರಿಂದ ಅದನ್ನು ಹುಡುಕುವ ಒತ್ತಡವೂ ಅಲ್ಲಿರುವುದಿಲ್ಲ.

ಇನ್ನು ನಮ್ಮ ಮಂಗಳೂರು. 2010ರ ಮೇ 22ರ ದುರಂತ ನಿರ್ಗಮನದ್ದಲ್ಲ, ಇಳಿಯುವಾಗಿನದು. ಆದರೂ ಈ ವಿಷಯದಲ್ಲಿ ಅದನ್ನು ಬಿಟ್ಟು ಮುಂದೆ ಹೋಗಲಾಗದು, ಏಕೆಂದರೆ ನಿದ್ದೆ ತನ್ನ ಸದ್ದನ್ನು ದಾಖಲೆಯಲ್ಲಿ ಬಿಟ್ಟುಹೋದ ಅಪರೂಪದ ಪ್ರಕರಣ ಅದು. ಕರಾವಳಿಯವರಿಗೆ ಈ ಬಗೆಯ ವಿಮಾನಗಳು ಚೆನ್ನಾಗಿ ಗೊತ್ತು. ಸಂಜೆ ಹೊತ್ತು ಇಲ್ಲಿಂದ ಗಲ್ಫಿಗೆ ಹೋಗಿ, ಅದೇ ಸಿಬ್ಬಂದಿಯೊಂದಿಗೆ ನಡುರಾತ್ರಿ ಅಲ್ಲಿಂದ ಹೊರಟು, ಸೂರ್ಯ ಹುಟ್ಟುವ ಹೊತ್ತಿಗೆ ಮರಳುತ್ತವೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೇ ವಿಮಾನದ ಕಾಕ್‌ಪಿಟ್ ವಾಯ್ಸ್ ರೆಕಾರ್ಡರ್‌ನಲ್ಲಿ ಮೊದಲ ಸುಮಾರು ಒಂದು ಗಂಟೆ ನಲವತ್ತು ನಿಮಿಷ ಇಬ್ಬರು ಪೈಲಟ್‌ಗಳ ನಡುವೆ ಮಾತುಕತೆಯೇ ಇರಲಿಲ್ಲ. ಕ್ಯಾಪ್ಟನ್‌ರ ಗೊರಕೆ ಕೇಳಿಸುತ್ತಿತ್ತು. ಎದ್ದ ಮೇಲೆ ಅವರು ಅತಿ ಎತ್ತರದಲ್ಲಿ ಬಂದ ವಿಮಾನವನ್ನು ಇಳಿಸಲು ಹಟ ಹಿಡಿದರು. ಫಸ್ಟ್ ಆಫೀಸರ್ ಮೂರು ಬಾರಿ, ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದರು. ವಿಮಾನ 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿ ನೆಲ ಮುಟ್ಟಿ, ಕೊನೆಯಲ್ಲಿ ಕಣಿವೆಗೆ ಉರುಳಿತು. 158 ಜನ ಸತ್ತರು, ಎಂಟು ಜನ ಉಳಿದರು.

ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯ ದೀರ್ಘ ನಿದ್ದೆಯಿಂದ ಎದ್ದ ಕೂಡಲೇ ಇರುವ ಮಂಪರು ಕ್ಯಾಪ್ಟನ್‌ರ ವಿವೇಚನೆಯನ್ನು ಕುಂದಿಸಿರಬಹುದು, ದೇಹದ ಗಡಿಯಾರ ಅತಿ ಕೆಳಗಿಳಿಯುವ ಹೊತ್ತು ಅದನ್ನು ಇನ್ನಷ್ಟು ಹೆಚ್ಚಿಸಿರಬಹುದು ಎಂದಿತು. ಗೊರಕೆ ಕಿವಿಗೆ ಬಿದ್ದಲ್ಲಿಯೂ ಕ್ರಿಯಾಪದ ‘ಇರಬಹುದು’ ಎಂಬುದೇ. ಅದೇ ವಾಕ್ಯದ ಆರಂಭದಲ್ಲಿ, ಹಾರಾಟಕ್ಕೆ ಮುನ್ನ ಸಾಕಷ್ಟು ವಿಶ್ರಾಂತಿಯ ಅವಧಿ ಲಭ್ಯವಿದ್ದಾಗ್ಯೂ ಎಂಬ ಮಾತಿದೆ. ಲೆಕ್ಸಿಂಗ್ಟನ್ನಿನ ಕಂಟ್ರೋಲರ್‌ನ ಒಂಬತ್ತು ಗಂಟೆಯೂ ಕಾಗದದ ಮೇಲೆ ಹೀಗೆಯೇ ಸರಿಯಾಗಿತ್ತು. ಬಿಡುವಿನ ಗಂಟೆಗಳನ್ನು ನಾವು ಎಣಿಸುತ್ತೇವೆ, ನಿದ್ದೆಯ ಗಂಟೆಗಳನ್ನು ಎಣಿಸುವ ಸಾಧನ ನಮ್ಮಲ್ಲಿಲ್ಲ. 2024ರ ಜನವರಿ 25ರಂದು ಇಂಡೊನೇಷ್ಯಾದ ಕೆಂಡಾರಿಯಿಂದ ಜಕಾರ್ತಾಕ್ಕೆ ಹೊರಟ ಬಾಟಿಕ್ ಏರ್ ವಿಮಾನದಲ್ಲಿ ಇಬ್ಬರು ಪೈಲಟ್‌ಗಳೂ 28 ನಿಮಿಷ ಒಟ್ಟಿಗೆ ನಿದ್ದೆಹೋದರು, ವಿಮಾನ ದಾರಿ ಬಿಟ್ಟು ಸಾಗಿತು. ಸಹಪೈಲಟ್‌ನ ಮನೆಯಲ್ಲಿ ಒಂದು ತಿಂಗಳ ಅವಳಿ ಮಕ್ಕಳಿದ್ದರು. ಆ ಮಕ್ಕಳ ಅಳು ಯಾವ ಡ್ಯೂಟಿ ಪಟ್ಟಿಯಲ್ಲಿ ಬರಬೇಕು?

ಭಾರತದಲ್ಲಿ ಪೈಲಟ್‌ಗಳು ಕರ್ತವ್ಯಕ್ಕೆ ಮುನ್ನ ಬ್ರೆತ್ ಅನಲೈಸರ್‌ಗೆ ಊದಬೇಕು. ಮದ್ಯದ ಅಂಶ ಕಂಡುಬಂದರೆ ಮೊದಲ ಸಲಕ್ಕೇ ಲೈಸೆನ್ಸ್ ಮೂರು ತಿಂಗಳು ಅಮಾನತಾಗುತ್ತದೆ. ಈ ಬಿಗಿಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ 1997ರಲ್ಲಿ ಆಸ್ಟ್ರೇಲಿಯದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವರ ಕಾರ್ಯಕ್ಷಮತೆ ರಕ್ತದಲ್ಲಿ 0.05 ಶೇಕಡಾ ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ರಸ್ತೆಗಳಲ್ಲಿ ಸ್ಕೂಟರ್ ಓಡಿಸುವವನಿಗೆ ಕಾನೂನು ಹಾಕಿರುವ ಮಿತಿಯೇ 0.03 ಶೇಕಡಾ. ಬೆಳಗ್ಗೆ ಏಳಕ್ಕೆ ಎದ್ದು, ಹಗಲು ಮನೆಯ ಕೆಲಸಗಳಲ್ಲಿ ಕಳೆದು, ರಾತ್ರಿ ಹನ್ನೊಂದಕ್ಕೆ ಡ್ಯೂಟಿಗೆ ಬರುವ ಪೈಲಟ್, ವಿಮಾನ ಮೇಲೇರುವ ಹೊತ್ತಿಗೆ ಆ 17ನೇ ಗಂಟೆಯ ಹೊಸ್ತಿಲಲ್ಲಿರುತ್ತಾನೆ. ಅನಲೈಸರ್ ಅವನನ್ನು ಶುದ್ಧ ಎಂದು ಕಳಿಸುತ್ತದೆ.

ನಿಯಮಗಳು ಸುಮ್ಮನೆ ಕೂತಿಲ್ಲ, ನಿಜ. ಲೆಕ್ಸಿಂಗ್ಟನ್ನಿನ ನಂತರ ಅಮೆರಿಕದಲ್ಲಿ ಪ್ರತಿ ರನ್‌ವೇ ದಾಟುವುದಕ್ಕೂ ಸ್ಪಷ್ಟ ಅನುಮತಿ ಕಡ್ಡಾಯವಾಯಿತು. ಪೈಲಟ್ ಇರುವ ಜಾಗವನ್ನೇ ತೋರಿಸುವ ನಿಲ್ದಾಣದ ನಕ್ಷೆಗಳು ಕಾಕ್‌ಪಿಟ್‌ಗೆ ಬಂದವು. 2009ರಲ್ಲಿ ಬಫಲೋ ಬಳಿ 50 ಜನರ ಜೀವ ತೆಗೆದ ಕಾಲ್ಗನ್ ಏರ್ ಅಪಘಾತದ ನಂತರ ಹೊಸ ಕಾನೂನು ಬಂದು, 2014ರ ಜನವರಿಯಿಂದ ಅಲ್ಲಿನ ಪ್ರಯಾಣಿಕ ವಿಮಾನಗಳ ಪೈಲಟ್‌ಗಳಿಗೆ ಕರ್ತವ್ಯಕ್ಕೆ ಮುನ್ನ ಕನಿಷ್ಠ 10 ಗಂಟೆ ವಿಶ್ರಾಂತಿ, ಅದರೊಳಗೆ ಎಂಟು ಗಂಟೆ ಅಡ್ಡಿಯಿಲ್ಲದ ನಿದ್ದೆಯ ಅವಕಾಶ ಕೊಡಬೇಕೆಂದಾಯಿತು. ಸಾಮಾನ್ಯ ಪಾಳಿಗಳ ನಡುವೆ ಕಂಟ್ರೋಲರ್‌ಗಳಿಗೆ 10 ಗಂಟೆ, ನಡುರಾತ್ರಿಯ ಪಾಳಿಗೆ ಮುನ್ನ 12 ಗಂಟೆ ಬಿಡುವು ಬೇಕೆಂದು ಅಲ್ಲಿನ ವಿಮಾನಯಾನ ಆಡಳಿತ ಹೇಳಿದ್ದು 2024ರಲ್ಲಿ, ಲೆಕ್ಸಿಂಗ್ಟನ್ ಕಳೆದು ಹದಿನೆಂಟು ವರ್ಷಗಳಾಗುತ್ತಿದ್ದಾಗ. ಪೈಲಟ್‌ಗಳ ದಣಿವಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಗೋಪುರದಲ್ಲಿ ಕೂತವನ ದಣಿವಿನ ಸರದಿ ಯಾವಾಗಲೂ ತಡವಾಗಿಯೇ ಬರುತ್ತದೆ.

ಭಾರತದ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ 2024ರ ಜನವರಿಯಲ್ಲಿ ಪೈಲಟ್‌ಗಳ ಕರ್ತವ್ಯ ಮತ್ತು ವಿಶ್ರಾಂತಿಯ ಬಗ್ಗೆ ಪ್ರಕಟಿಸಿದ ಪರಿಷ್ಕೃತ ನಿಯಮಗಳು ನನ್ನ ದೃಷ್ಟಿಯಲ್ಲಿ ಒಳ್ಳೆಯವು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ಹನ್ನೆರಡರಿಂದ ಐದರವರೆಗೆ ಎಂದಿದ್ದ ರಾತ್ರಿಯನ್ನು ಆರರವರೆಗೆ ಹಿಗ್ಗಿಸಿದರು. ಮಂಗಳೂರಿನ ಆ ವಿಮಾನ ಇಳಿಯುವ ತಯಾರಿಯಲ್ಲಿದ್ದುದು ಹೀಗೆ ಹೊಸದಾಗಿ ರಾತ್ರಿಗೆ ಸೇರಿದ ಆ ಒಂದು ಗಂಟೆಯಲ್ಲಿಯೇ. ರಾತ್ರಿಯನ್ನು ತಾಗುವ ಕರ್ತವ್ಯದಲ್ಲಿ ಆರರವರೆಗೆ ಇದ್ದ ಲ್ಯಾಂಡಿಂಗ್‌ಗಳ ಮಿತಿಯನ್ನು ಎರಡಕ್ಕೆ ಇಳಿಸಿದರು. ವಿಮಾನ ಸಂಸ್ಥೆಗಳು ಕಾಲಾವಕಾಶ ಕೇಳಿದವು, ಜಾರಿ ಮುಂದಕ್ಕೆ ಹೋಯಿತು, ವಿಷಯ ದೆಹಲಿ ಹೈಕೋರ್ಟಿನಲ್ಲಿತ್ತು. ಕೊನೆಗೆ 2025ರ ಜುಲೈ 1ರಿಂದ ಒಂದು ಭಾಗ, ನವೆಂಬರ್ 1ರಿಂದ ಉಳಿದ ಭಾಗ ಜಾರಿಗೆ ಬಂತು. ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಸಂಸ್ಥೆಯ ಬಳಿ ಹೊಸ ಲೆಕ್ಕಕ್ಕೆ ಸಾಲುವಷ್ಟು ಪೈಲಟ್‌ಗಳಿಲ್ಲ ಎಂಬುದು ಬಯಲಾಗಿ, ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ದೇವನಹಳ್ಳಿಯ ಟರ್ಮಿನಲ್ಲುಗಳಲ್ಲಿ ಜನ ತಮ್ಮ ಬ್ಯಾಗುಗಳಿಗಾಗಿ ಕಾದು ಕೂತರು. ಆ ದಿನಗಳ ಚರ್ಚೆಗಳಲ್ಲಿ ಪೈಲಟ್‌ಗಳ ವಿಶ್ರಾಂತಿ ಒಂದು ಅಡಚಣೆಯ ಹೆಸರಾಯಿತು. ಎರಡು ವರ್ಷಗಳಷ್ಟು ಸಮಯವಿದ್ದೂ ಪೈಲಟ್‌ಗಳನ್ನು ನೇಮಿಸಿಕೊಳ್ಳದವರ ಹೊಣೆ ಹಿಂದೆ ಸರಿಯಿತು. ಬಿಕ್ಕಟ್ಟು ಕರಗಿಸಲು ಡಿಜಿಸಿಎ ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ಟರ್ಮಿನಲ್ಲಿನಲ್ಲಿ ಸಿಕ್ಕಿಬಿದ್ದವರ ಪಾಡು ನೋಡಿದರೆ ಬೇರೆ ದಾರಿ ಇರಲಿಲ್ಲ ಎಂದು ವಾದಿಸಬಹುದು, ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹೊಸ ನಿಯಮಗಳಲ್ಲಿ ಅಷ್ಟೆಲ್ಲ ಇರುವಾಗ ವಿನಾಯಿತಿಗೆಂದು ಆರಿಸಿಕೊಂಡದ್ದು ರಾತ್ರಿಯ ಕರ್ತವ್ಯಕ್ಕೆ ಸಂಬಂಧಿಸಿದ ಕಲಮುಗಳನ್ನೇ.